ವಸ್ತಿ ಗಾಡಿಯವನ ರಜೆ

9 ಜನವರಿ 1989, ಸೋಮವಾರ. ಚಿಕ್ಕೋಡಿ

ಈ ಡೈರಿ ಹೊಸ ವರ್ಷಕ್ಕೆಂದು ಬ್ಯಾಂಕಿನವರು ಕೊಟ್ಟದ್ದು. ಮೊದಲಾದರೆ ಇಂಥವನ್ನು ಮಗಳು ಶೇವಂತಾ ಎತ್ತಿಟ್ಟುಕೊಳ್ಳುತ್ತಿದ್ದಳು. ಅವಳು ಮದುವೆಯಾಗಿ ನಿಪ್ಪಾಣಿಗೆ ಹೋದ ಮೇಲೆ ಇವಕ್ಕೆ ಯಜಮಾನರಿಲ್ಲ. ನನಗೆ ಬರೆಯುವ ರೂಢಿಯಿಲ್ಲ. ಆದರೆ ನಿನ್ನೆ ನಡೆದದ್ದನ್ನು ಯಾರ ಮುಂದೆಯೂ ಪೂರ್ತಿ ಹೇಳಿಲ್ಲ. ಎಲ್ಲಾದರೂ ಇಳಿಸಬೇಕು.

ನನ್ನದು ವಸ್ತಿ ಗಾಡಿ. ಸಂಜೆ ಐದಕ್ಕೆ ಚಿಕ್ಕೋಡಿ ಬಿಟ್ಟು, ರಾಯಬಾಗ, ಹಾರೂಗೇರಿ ದಾಟಿ ಮುಗಳಖೋಡ ಮುಟ್ಟಬೇಕು. ಅಲ್ಲೇ ಉಳಿದು ಬೆಳಿಗ್ಗೆ ಆರಕ್ಕೆ ಹೊರಡಬೇಕು. ಹನ್ನೊಂದು ವರ್ಷದಿಂದ ಇದೇ ದಾರಿ. ನಿನ್ನೆ ಬೆಳಿಗ್ಗೆ ಹಾರೂಗೇರಿ ದಾಟಿ ಬರುವಾಗ ಮುಂದೆ ಕಬ್ಬಿನ ಚಕ್ಕಡಿ ಇತ್ತು. ಬ್ರೇಕ್ ಒತ್ತಬೇಕೆಂದುಕೊಂಡೆ. ಬಲಗಾಲು ಬ್ರೇಕಿನ ಮೇಲೆಯೇ ಇತ್ತು, ಕಣ್ಣಿಗೆ ಕಾಣುತ್ತಿತ್ತು. ಆದರೆ ಅದು ನನ್ನ ಕಾಲೆಂದು ನನಗೆ ಗೊತ್ತಾಗಲಿಲ್ಲ. ಒತ್ತಿದೆನೋ ಇಲ್ಲವೋ ತಿಳಿಯಲಿಲ್ಲ. ಕೈಬ್ರೇಕ್ ಎಳೆದು ಗಾಡಿಯನ್ನು ಬದಿಯ ಮಣ್ಣಿಗೆ ಇಳಿಸಿದೆ. ಕಬ್ಬಿನ ತುದಿಗಳು ಮುಂದಿನ ಗಾಜನ್ನು ಕೆರೆದು ನಿಂತವು. ಒಳಗಿದ್ದ ಐವತ್ತು ಮಂದಿ, ಡ್ರೈವರ್ ಹುಷಾರಿನಿಂದ ನಿಲ್ಲಿಸಿದ ಎಂದುಕೊಂಡರು. ಕಂಡಕ್ಟರ್ ಲಗಮಣ್ಣ ಮಾತ್ರ ನನ್ನ ಮುಖ ನೋಡಿದ.

"ಏನಾತು ಜ್ಞಾನಣ್ಣ?"

"ಏನಿಲ್ಲೋ. ರೈಟ್ ಅನ್ನು."

ಚಿಕ್ಕೋಡಿಗೆ ಬಂದವನು ನೇರ ಮ್ಯಾನೇಜರ್ ಸಾಹೇಬರ ಮುಂದೆ ಹೋಗಿ ನಿಂತೆ. "ಸಾಹೇಬ್ರ, ನನ್ನ ಕಾಲ ನನ್ನ ಮಾತ ಕೇಳವಲ್ದು" ಎಂದೆ. ಅವರು ಒಳ್ಳೆಯವರು, ಬೈಯಲಿಲ್ಲ. ರಜೆ ಹಾಕಿಸಿದರು. ಕಾಲು ನೆಟ್ಟಗಾದ ಮೇಲೆ ಬೆಳಗಾವಿಯ ದೊಡ್ಡ ದವಾಖಾನೆಯಿಂದ ಸರ್ಟಿಫಿಕೇಟ್ ತರಬೇಕು. ತರಲಾಗದಿದ್ದರೆ ಸ್ಟಿಯರಿಂಗ್ ಇಲ್ಲ. ಡಿಪೋ ಗೇಟಿನಲ್ಲಿ ಕುಳಿತು ಒಳಗೆ ಬರುವ, ಹೊರಗೆ ಹೋಗುವ ಗಾಡಿಗಳ ನಂಬರು ಬರೆಯುವ ಕೆಲಸ.

ನನಗೆ ನಲವತ್ತನಾಲ್ಕು.

14 ಜನವರಿ, ಶನಿವಾರ

ಸಂಕ್ರಾಂತಿ. ಮಲಗಿಕೊಂಡೇ ಎಳ್ಳು ಹೋಳಿಗೆ ತಿಂದೆ.

ಊರಿನ ಡಾಕ್ಟರು ಎಲ್ಲಿ ನೋವು ಎಂದು ಕೇಳಿದರು. ಟೊಂಕದಲ್ಲಿ ಎಂದೆ. ಬೆನ್ನುಮೂಳೆಯ ಗಾದಿ ಸರಿದಿರಬೇಕು, ಅದು ನರ ಒತ್ತುತ್ತಿದೆ, ಹಲಗೆಯ ಮೇಲೆ ಮೂರು ವಾರ ಅಲುಗಾಡದೆ ಮಲಗಿ ಎಂದರು. ಲಗಮಣ್ಣ ಮತ್ತು ಅವನ ಅಣ್ಣ ಒಂದು ಹಳೆಯ ಬಾಗಿಲು ತಂದು ಇಟ್ಟಂಗಿಯ ಮೇಲೆ ಹಾಸಿಕೊಟ್ಟರು.

ಸುಳ್ಳಲ್ಲ, ಕಾಲಿನ ತನಕ ಎಳೆಯುತ್ತದೆ. ಬೆಂಕಿಯ ದಾರವನ್ನು ತೊಡೆಯ ಹಿಂದಿನಿಂದ ಮೀನಖಂಡದವರೆಗೆ ಎಳೆದಂತೆ. ಆದರೆ ಬೇರು ಟೊಂಕದಲ್ಲಿಲ್ಲ. ಕೆಳಗಿದೆ. ಬಲಗಡೆ, ಕುಳಿತಾಗ ಸೀಟಿಗೆ ತಾಗುವ ಜಾಗದ ಒಳಗೆ, ಆಳದಲ್ಲಿ. ಅದನ್ನು ಡಾಕ್ಟರಿಗೆ ಹೇಗೆ ಹೇಳುವುದು? ಅವರ ಮುಂದೆ ನರ್ಸಬಾಯಿ ನಿಂತಿದ್ದಳು. ಟೊಂಕವಾದರೂ ಅದೇ, ಅದಾದರೂ ಅದೇ.

ಐದು ಗಂಟೆಗೆ ನನ್ನ ಗಾಡಿ ಬಸ್ ಸ್ಟ್ಯಾಂಡ್ ಬಿಟ್ಟದ್ದು ಮನೆಯವರೆಗೆ ಕೇಳಿಸಿತು. ಗೇರ್ ಬದಲಿಸುವ ಸದ್ದಿನ ಮೇಲೆ ಹೇಳಬಲ್ಲೆ, ಹೊಸ ಡ್ರೈವರ್ ಕ್ಲಚ್ ಪೂರ್ತಿ ಒತ್ತುವುದಿಲ್ಲ.

21 ಜನವರಿ, ಶನಿವಾರ

ಹಲಗೆಯ ಮೇಲೆ ಮಲಗಿ ದಿನಾ ಐದಕ್ಕೆ ನಾನೂ ಹೊರಡುತ್ತೇನೆ. ಕಣ್ಣು ಮುಚ್ಚಿದರೆ ಎಲ್ಲ ಬರುತ್ತದೆ. ರಾಯಬಾಗದ ಸ್ಟ್ಯಾಂಡಿನಲ್ಲಿ ಕಡಲೆ ಮಾರುವವಳ ಬುಟ್ಟಿ. ಕಬ್ಬಿನ ಗದ್ದೆಗಳ ನಡುವೆ ಹೋಗುವಾಗ ಕಿಟಕಿಯಿಂದ ಬರುವ ತಂಪು ಗಾಳಿ. ಹಾರೂಗೇರಿಯಲ್ಲಿ ಸಂತೆಯ ದಿನ ಟಾಪಿನ ಮೇಲೇರುವ ಮೂಟೆಗಳು. ಮುಗಳಖೋಡದ ಬೇವಿನ ಮರದ ಬುಡಕ್ಕೆ ಗಾಡಿ ಹಚ್ಚಿ ಇಂಜಿನ್ ಆರಿಸಿದಾಗ ಕಿವಿಯೊಳಗೆ ಬೀಳುವ ಆ ಸುಮ್ಮನಿರುವಿಕೆ. ಮುರಗೆಪ್ಪನ ಹೋಟೆಲಿನ ಚಾ. ಬೆಳಿಗ್ಗೆ ಇನ್ನೂ ಮಂಜಿರುವಾಗ ಹಾಲಿನ ಕ್ಯಾನು ಹಿಡಿದು ನಿಂತವರು "ಬಂದ್ರಿ ಡ್ರೈವರ್ ಸಾಹೇಬ್ರು" ಅನ್ನುವುದು.

ಇದನ್ನೆಲ್ಲ ಇಷ್ಟು ಪ್ರೀತಿಸುತ್ತಿದ್ದೆ ಎಂದು ಗೊತ್ತಿರಲಿಲ್ಲ.

ಮನೆಯವಳು ಪಕ್ಕದಲ್ಲೇ ಹಳೆ ಬಟ್ಟೆಯ ಕೌದಿ ಹೊಲಿಯುತ್ತಿದ್ದಾಳೆ.

29 ಜನವರಿ, ಭಾನುವಾರ

ಇಡೀ ಹಗಲು ಎಚ್ಚರವಾಗಿ ಈ ಮನೆಯಲ್ಲಿ ನಾನು ಇದ್ದದ್ದೇ ಇಲ್ಲ. ಡ್ಯೂಟಿ ಮುಗಿಸಿ ಬರುತ್ತಿದ್ದೆ, ಉಣ್ಣುತ್ತಿದ್ದೆ, ನಾಲ್ಕರವರೆಗೆ ಮಲಗುತ್ತಿದ್ದೆ, ಹೊರಡುತ್ತಿದ್ದೆ. ಈಗ ನೋಡಿದರೆ ಇಲ್ಲಿಗೂ ಒಂದು ಟೈಮ್ ಟೇಬಲ್ ಇದೆ. ಹತ್ತಕ್ಕೆ ಹೆಂಗಸರು ಕೌದಿಗೆಂದು ಹಳೆಯ ಸೀರೆ, ಧೋತರ ಗಂಟು ಕಟ್ಟಿಕೊಂಡು ಬರುತ್ತಾರೆ. ಹನ್ನೊಂದಕ್ಕೆ ಬಿಸಿಲು ಹೊಸ್ತಿಲು ದಾಟುತ್ತದೆ. ಆಗ ಮನೆಯವಳು ತನ್ನ ಚಾಪೆಯನ್ನು ಒಂದು ಮಾರು ಒಳಗೆ ಸರಿಸುತ್ತಾಳೆ. ಮಧ್ಯಾಹ್ನ ರೇಡಿಯೋ ಹಚ್ಚುತ್ತಾಳೆ, ಆದರೆ ಸಣ್ಣಗೆ. ನನಗೆ ನಿದ್ದೆ ಕೆಡಬಾರದೆಂದು ರೂಢಿಯಾಗಿ ಹೋಗಿದೆಯಂತೆ.

"ಜೋರಾಗಿ ಹಚ್ಚು. ನಾ ಮಲಗಿಲ್ಲ."

"ನೀವು ಮಲಗಿಲ್ಲಂದ್ರೂ ನನ್ನ ಕೈ ಹಂಗ ತಿರುಗತೈತ್ರಿ" ಅಂದಳು.

ಲಗಮಣ್ಣ ಬಂದಿದ್ದ. ಮುಗಳಖೋಡದವರು ಕೇಳುತ್ತಾರಂತೆ. ಅವನು ಹೋದ ಮೇಲೆ ಬಹಳ ಬೇಸರವಾಯಿತು.

6 ಫೆಬ್ರವರಿ, ಸೋಮವಾರ

ಮೂರು ವಾರ ಮುಗಿದವು. ಎದ್ದು ನಿಂತೆ. ಮೊದಲಿಗಿಂತ ಕೆಟ್ಟದಾಗಿದೆ. ಪಾದದ ಕೆಳಗೆ ಇರುವೆ ಹರಿದಾಡುತ್ತವೆ. ಬರೆಯಲಾರೆ.

16 ಫೆಬ್ರವರಿ, ಗುರುವಾರ

ಮಿರಜದ ದವಾಖಾನೆಗೆ ಹೋಗಿ ಬಂದೆವು. ನಿಂತುಕೊಂಡೇ ಪ್ರಯಾಣ. ಕುಳಿತರೆ ಪ್ರಾಣ ಹೋಗುತ್ತದೆ. ಹನ್ನೊಂದು ವರ್ಷ ಕುಳಿತು ಸಂಬಳ ತೆಗೆದುಕೊಂಡವನು ಬಸ್ಸಿನ ಕಂಬಿ ಹಿಡಿದು ನೇತಾಡಿದೆ. ಮನೆಯವಳು ಸೀಟಿದ್ದರೂ ಕೂರಲಿಲ್ಲ.

ಮೂಳೆಯ ಡಾಕ್ಟರು ಎಕ್ಸ್‌ರೇ ತೆಗೆಸಿದರು. ಬೆನ್ನು ನೆಟ್ಟಗಿದೆ. ಕಾಲು ಎತ್ತಿ ನೋಡಿದರು, ಬೆನ್ನಿನ ಮಣಿಗಳನ್ನೆಲ್ಲ ಒಂದೊಂದಾಗಿ ಒತ್ತಿದರು. ಎಲ್ಲಿಯೂ ಅಷ್ಟು ನೋವಿಲ್ಲ. ಅವರು ತಲೆ ಕೆರೆದುಕೊಂಡು ವ್ಯಾಯಾಮದ ವಿಭಾಗಕ್ಕೆ ಕಳಿಸಿದರು. ಅಲ್ಲಿದ್ದವರು ತಾರಾಬಾಯಿ ಎಂಬ ಹೆಣ್ಣುಮಗಳು, ನಮ್ಮ ಶೇವಂತಾಳಿಗಿಂತ ನಾಲ್ಕೈದು ವರ್ಷ ದೊಡ್ಡವರು. ತವರು ಕಾಗವಾಡವಂತೆ. ಅರ್ಧ ಮರಾಠಿ, ಅರ್ಧ ಕನ್ನಡ.

"ಬರಾ, ಕಾಕಾ, ಎಲ್ಲಿ ದುಖತೈತಿ ಹೇಳ್ರಿ."

"ಟೊಂಕದಾಗ್ರಿ."

"ಬೆಟ್ಟ ಇಟ್ಟ ತೋರಿಸ್ರಿ."

ಟೊಂಕದ ಮೇಲೆ ಬೆರಳಿಟ್ಟೆ. ಅವರು ಅಲ್ಲಿ ಒತ್ತಿದರು. ನಾನು ಸುಮ್ಮನೆ ಹಾ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಆಗ ಗೋಡೆಯ ಪಕ್ಕ ಚೀಲ ಹಿಡಿದು ನಿಂತಿದ್ದ ಮನೆಯವಳು ಒಂದು ಹೆಜ್ಜೆ ಮುಂದೆ ಬಂದಳು.

"ಬಾಯಾರ, ಅವರಿಗೆ ಟೊಂಕ ನೋಯೂದಿಲ್ರಿ. ಕುಂಡಿ ನೋಯತೈತಿ. ಬಲಕ್ಕ. ಅವರು ಕೂಡುವಾಗ ಎಡಕ್ಕ ವಾಲಿ ಕೂಡ್ತಾರ. ನಿದ್ದ್ಯಾಗ ಕೈ ಅಲ್ಲೇ ಒತ್ತಿ ಹಿಡಕೊಂಡಿರ್ತಾರ. ದೀಪಾವಳ್ಯಾಗ ಗಾಡಿ ಟಾಪಿನ ನಿಚ್ಚಣಿಕಿಯಿಂದ ಬಿದ್ದ ಬಂದಿದ್ರು. ನನಗ ಹೇಳಲಿಲ್ಲ. ಪ್ಯಾಂಟಿಗೆ ಹತ್ತಿದ ಮಣ್ಣ ನೋಡಿ ನಾ ತಿಳಕೊಂಡೆ."

ನೆಲ ಬಿರಿದು ನನ್ನನ್ನು ನುಂಗಬಾರದೇ ಅನಿಸಿತು. ತಾರಾಬಾಯಿ ನಗಲಿಲ್ಲ. "ಹೌದೇನು ಕಾಕಾ?" ಎಂದು ಕೇಳಿದರು. ಹೌದೆಂದೆ. ಹಾರೂಗೇರಿಯಲ್ಲಿ ಒಬ್ಬ ಮುದುಕನ ಮೂಟೆ ಇಳಿಸಲು ಹತ್ತಿ ಕೆಳಗೆ ಬಿದ್ದಿದ್ದೆ, ಜನ ನಕ್ಕಿದ್ದರು, ನಾನೂ ನಕ್ಕು ಎದ್ದಿದ್ದೆ. ಅದನ್ನು ಮರೆತೇ ಬಿಟ್ಟಿದ್ದೆ.

ಮಗ್ಗುಲಾಗಿ ಮಲಗಿಸಿ, ಪ್ಯಾಂಟಿನ ಮೇಲಿಂದಲೇ ಒಂದು ಜಾಗ ಹುಡುಕಿ ಹೆಬ್ಬೆರಳು ಊರಿದರು. ನನ್ನ ಕೂಗು ಹೊರಗೆ ಸಾಲಿನಲ್ಲಿದ್ದವರಿಗೂ ಕೇಳಿಸಿತಂತೆ. ಅದೇ ಬೆಂಕಿ ಅದೇ ದಾರಿಯಲ್ಲಿ ಪಾದದವರೆಗೆ ಓಡಿತು.

"ಸಾಪಡ್ಲಾ" ಎಂದರು ತಾರಾಬಾಯಿ. ಸಿಕ್ಕಿತು ಎಂದು.

17 ಫೆಬ್ರವರಿ, ಶುಕ್ರವಾರ

ಅವರು ಹೇಳಿದ್ದನ್ನು ಮರೆಯುವ ಮುಂಚೆ ಬರೆದಿಡುತ್ತೇನೆ.

ಕುಂಡಿಯ ದೊಡ್ಡ ಮಾಂಸದ ಕೆಳಗೆ, ಒಳಗೆ, ಒಂದು ಸಣ್ಣ ಸ್ನಾಯು ಇದೆ. ಕಾಲನ್ನು ಹೊರಗಡೆ ತಿರುಗಿಸುವುದು ಅದರ ಕೆಲಸ. ಅದರ ಬುಡದಲ್ಲೇ ಹೆಬ್ಬೆರಳಿನಷ್ಟು ದಪ್ಪದ ನರ ಹಾದು ಕಾಲಿಗೆ ಇಳಿಯುತ್ತದೆ. ಬಿದ್ದ ಪೆಟ್ಟಿಗೆ ಆ ಸ್ನಾಯು ಹೆದರಿ ಗಂಟಾಗಿ ಹಿಡಿದುಕೊಂಡಿದೆ. ಮೇಲಿಂದ ದಿನಾ ನಾನು ಅದರ ಮೇಲೆಯೇ ಕುಳಿತೆ, ಅದೇ ಕಾಲಿನಿಂದ ಬ್ರೇಕ್ ಒತ್ತಿದೆ. ಅದು ಇನ್ನಷ್ಟು ಬಿಗಿಯಿತು, ನರವನ್ನು ಹಿಸುಕಿತು. ನರ ಅಳುವುದು ಮಾತ್ರ ಕಾಲಿನಲ್ಲಿ. ಹಲಗೆಯ ಮೇಲೆ ಮೂರು ವಾರ ಮಲಗಿದ್ದರಿಂದ ಸ್ನಾಯು ಮತ್ತಷ್ಟು ಸೆಟೆದುಕೊಂಡಿತು.

"ಕಡಿದಿಲ್ಲ, ಮುರಿದಿಲ್ಲ. ಹಿಡಕೊಂಡೈತಿ ಅಷ್ಟ. ಬಿಡು ಅಂತ ದಿನಾ ಹೇಳಬೇಕು. ಒಮ್ಮಿಗೆ ಕೇಳೂದಿಲ್ಲ" ಎಂದರು.

ಹೇಳುವ ವಿಧಾನ: ಅಂಗಾತ ಮಲಗಿ, ಮೊಳಕಾಲು ಮಡಚಿ, ಬಲ ಹಿಮ್ಮಡಿಯ ಗಂಟನ್ನು ಎಡ ಮೊಳಕಾಲಿನ ಮೇಲಿಟ್ಟು, ಎಡ ತೊಡೆಯನ್ನು ಎರಡು ಕೈಯಿಂದ ಎದೆಯ ಕಡೆ ಎಳೆದುಕೊಂಡು ಮೂವತ್ತು ಎಣಿಸಬೇಕು. ಮೂರು ಸಲ. ಬೆಳಿಗ್ಗೆ, ಸಂಜೆ. ಬಿಸಿನೀರಿನ ಶಾಖ. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂರಬಾರದು. ಹಿಂದಿನ ಕಿಸೆಯಲ್ಲಿ ಏನೂ ಇಡಬಾರದು. ಎಲ್ಲಕ್ಕಿಂತ ಮುಖ್ಯ, ನಡೆಯಬೇಕು. ಮೊದಲು ಐದು ನಿಮಿಷ, ಆಮೇಲೆ ಹೆಚ್ಚಿಸುತ್ತ. ಎಷ್ಟು ದಿನ ಬೇಕು ಎಂದು ಕೇಳಿದೆ. ಮೂರು ತಿಂಗಳೂ ಆಗಬಹುದು, ಆರೂ ಆಗಬಹುದು ಎಂದರು.

ನಿನ್ನೆ ಬಸ್ಸಿನಲ್ಲಿ ಬರುವಾಗ ಮನೆಯವಳಿಗೆ, "ಮಂದ್ಯಾಗ ಹಂಗ ಹೇಳೂದೇನ?" ಎಂದೆ.

"ಇಪ್ಪತ್ತ ದಿನಾ ಹಲಗಿ ಮ್ಯಾಲ ಯಾರಿಗೆ ನಾಚಿಕೊಂಡ ಮಲಗಿದ್ರಿ?" ಎಂದಳು.

25 ಫೆಬ್ರವರಿ, ಶನಿವಾರ

ಎಣಿಸುವುದರಲ್ಲಿ ಮೋಸ ಮಾಡುತ್ತೇನೆ. ನೋವಾದಾಗ ಹನ್ನೆರಡರಿಂದ ಇಪ್ಪತ್ತಕ್ಕೆ ಹಾರುತ್ತೇನೆ. ಇವತ್ತು ಪಕ್ಕದಲ್ಲಿ ಹೊಲಿಯುತ್ತ ಕುಳಿತಿದ್ದ ಮನೆಯವಳಿಗೆ, ಅಕ್ಕುತಾಯಿಗೆ, ಅದು ಸಿಕ್ಕಿಬಿತ್ತು.

"ನೀವು ಎಣಸಬ್ಯಾಡ್ರಿ. ನಾ ಮೂವತ್ತು ಹೊಲಿಗಿ ಹಾಕೂತನಾ ಹಿಡಕೋರಿ."

ಕೌದಿಯ ಹೊಲಿಗೆಯನ್ನು ಹತ್ತಿರದಿಂದ ಈಗಷ್ಟೇ ನೋಡಿದ್ದು. ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾಳೆ. ಎಲ್ಲ ಹೊಲಿಗೆಯೂ ಒಂದೇ ಅಳತೆ, ಭತ್ತದ ಕಾಳಿನಷ್ಟು. ಸೂಜಿ ಒಳಗೆ ಹೋಗುವಾಗ ಅವಳ ಕೆಳದುಟಿ ಸ್ವಲ್ಪ ಒಳಗೆ ಹೋಗುತ್ತದೆ. ಮೂವತ್ತನೆಯದರ ಹತ್ತಿರ ಬಂದಾಗ ಬೇಕೆಂದೇ ನಿಧಾನ ಮಾಡುತ್ತಾಳೆ.

ಐದು ಗಂಟೆಯ ಗಾಡಿಯ ಸದ್ದು ಕೇಳಿಸಿತು. ಮುಗಳಖೋಡದಲ್ಲಿ ಈಗ ಬೇವಿನ ಹೂ ಬಿಡುವ ಹೊತ್ತು.

12 ಮಾರ್ಚ್, ಭಾನುವಾರ

ಹದಿನೈದು ನಿಮಿಷ ನಡೆದೆ. ಅಕ್ಕುತಾಯಿ ಜೊತೆಗೆ ಬಂದಳು. ಊರ ಹೊರಗಿನ ಹುಣಸೆ ಮರದವರೆಗೆ. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಇಬ್ಬರೂ ಸುಮ್ಮನೆ, ಎಲ್ಲಿಗೂ ಅಲ್ಲದೆ, ನಡೆದದ್ದು ಇದೇ ಮೊದಲು. ಎದುರಿಗೆ ಬಂದವರೆಲ್ಲ "ಎಲ್ಲಿಗೆ ಹೊಂಟ್ರಿ?" ಎಂದು ಕೇಳುತ್ತಾರೆ. ಆಮೇಲೆ ಅವಳೇ, "ಇವರ ಕಾಲ ಕಲಿಯಾಕತ್ತಾವ್ರಿ" ಅನ್ನತೊಡಗಿದಳು.

ನಾನು ಮುಗಳಖೋಡದ ಸುದ್ದಿ ಹೇಳುತ್ತಿದ್ದೆ. ಮುರಗೆಪ್ಪನ ಹೋಟೆಲು, ಬೇವಿನ ಮರ, ಹಾಲಿನವರು. ಅವಳು ಎಲ್ಲ ಕೇಳಿಸಿಕೊಂಡು, "ಅಲ್ಲಿ ನಿಮ್ಮ ಜಮಖಾನಿ ಒಗದು ಕೊಡವರು ಯಾರು?" ಎಂದಳು. ಯಾರೂ ಇಲ್ಲ, ನಾನೇ ಕೊಡವಿ ಮಡಚುತ್ತೇನೆ ಎಂದೆ. ಅವಳು ಏಕೆ ಕೇಳಿದಳೋ.

2 ಏಪ್ರಿಲ್, ಭಾನುವಾರ

ದೊಡ್ಡ ತಪ್ಪು ಮಾಡಿದೆ.

ನೋವು ಅರ್ಧಕ್ಕಿಂತ ಕಡಿಮೆಯಾಗಿತ್ತು. ನಿನ್ನೆ ನಡೆಯಲು ಹೋಗುತ್ತೇನೆಂದು ಹೊರಟವನು ಬಸ್ ಸ್ಟ್ಯಾಂಡಿಗೆ ಹೋದೆ. ಐದರ ಗಾಡಿ ನಿಂತಿತ್ತು. ಲಗಮಣ್ಣ ಬೇಡವೆಂದ. ಡ್ರೈವರ್ ಹಿಂದಿನ ಸೀಟಿನಲ್ಲಿ ಕುಳಿತೆ. ರಾಯಬಾಗದವರೆಗೆ ಹೋಗಿ ಎದುರಿನ ಗಾಡಿಯಲ್ಲಿ ಬಂದುಬಿಡುವುದು ಎಂದುಕೊಂಡೆ. ಗಾಳಿ ಮುಖಕ್ಕೆ ಬಡಿದಾಗ ಕಣ್ಣಲ್ಲಿ ನೀರು ಬಂತು. ರಾಯಬಾಗದಲ್ಲಿ ಇಳಿಯಲೇ ಇಲ್ಲ. ಹಾರೂಗೇರಿಯವರೆಗೆ ಹೋದೆ. ಗುಂಡಿ ಬಿದ್ದ ರಸ್ತೆ, ಗಟ್ಟಿ ಸೀಟು, ಎರಡು ತಾಸು.

ಹಾರೂಗೇರಿಯಲ್ಲಿ ಇಳಿಯಲು ಎದ್ದವನಿಗೆ ಬಲಗಾಲು ಊರಲಾಗಲಿಲ್ಲ. ಇಬ್ಬರು ಹಿಡಿದು ಇಳಿಸಿದರು. ಜೀಪೊಂದರ ಹಿಂದೆ ಮಲಗಿಸಿ ಮನೆಗೆ ಕಳಿಸಿದರು.

ಅಕ್ಕುತಾಯಿ ಒಂದು ಮಾತೂ ಬೈಯಲಿಲ್ಲ. ನೀರು ಕಾಸಿದಳು, ಶಾಖ ಕೊಟ್ಟಳು, ಹೊದಿಸಿದಳು. ಬೈದಿದ್ದರೆ ಚೆನ್ನಾಗಿತ್ತು.

4 ಏಪ್ರಿಲ್, ಮಂಗಳವಾರ

ಇವತ್ತು ಮಾತಾಡಿದಳು. ಜೋಳದ ಹಿಟ್ಟು ನಾದುತ್ತಿದ್ದಳು, ತಿರುಗಿ ನೋಡದೆಯೇ.

"ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮಗ ಮುಗಳಖೋಡ ಮನಿ. ಇದು ವಸ್ತಿ. ಹನ್ನೊಂದು ವರ್ಷ ನಾ ಹಂಗ ತಿಳಕೊಂಡೀನಿ. ಬಂದ್ರಿ, ಉಂಡ್ರಿ, ಮಲಕೊಂಡ್ರಿ, ಹೊಂಟ್ರಿ. ಬಾಗಲಾ ಹಾಕ್ಕೊಂಡು ನಾ ರೇಡಿಯೋ ಕೂಡ ಮಾತಾಡಿದೆ. ಶೇವಂತಾ ಇದ್ದಾಗ ನಡೀತು. ಈಗ ಕಾಲ ನೋವಾಗಿ ನೀವು ಮನ್ಯಾಗ ಉಳದ್ರಿ. ದೇವರು ಕೆಟ್ಟದ್ದ ಮಾಡಿದ ಅಂತ ನೀವಂತೀರಿ. ನಾ..."

ಅಲ್ಲಿಗೆ ನಿಲ್ಲಿಸಿದಳು. ಹಿಟ್ಟು ಬಡಿಯತೊಡಗಿದಳು. ರೊಟ್ಟಿ ಬಡಿಯುವ ಸದ್ದಿನಲ್ಲಿ ಮುಂದಿನದು ಬಂದಿರಬಹುದು, ನನಗೆ ಕೇಳಿಸಲಿಲ್ಲ.

"ಮೂವತ್ತು ಹೊಲಿಗಿ ಹಾಕತೀಯೇನು?" ಎಂದೆ. ಕೈ ತೊಳೆದುಕೊಂಡು ಬಂದಳು.

20 ಏಪ್ರಿಲ್, ಗುರುವಾರ

ಮತ್ತೆ ಐದು ನಿಮಿಷದಿಂದ ಶುರುಮಾಡಿ ಈಗ ಹತ್ತಕ್ಕೆ ಬಂದಿದ್ದೇನೆ. ತಾರಾಬಾಯಿಗೆ ಕಾಗದ ಬರೆದಿದ್ದೆ. ಉತ್ತರ ಬಂತು: ಹಿಂದೆ ಬಿದ್ದದ್ದು ನಿಜ, ಆದರೆ ಮೊದಲಿನ ಜಾಗಕ್ಕೆ ಹೋಗಿಲ್ಲ, ದಿನಾ ಮಾಡಿದ್ದು ಎಲ್ಲಿಯೂ ಹೋಗುವುದಿಲ್ಲ. ಪಾದದ ಜುಮ್ಮು ಹಿಮ್ಮಡಿಗೆ, ಹಿಮ್ಮಡಿಯಿಂದ ಮೀನಖಂಡಕ್ಕೆ, ಹೀಗೆ ಮೇಲಕ್ಕೆ ಸರಿದರೆ ಹೆದರಬೇಡಿ, ನರ ಗುಣವಾಗುವಾಗ ನೋವು ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ.

ನೋಡಿಕೊಂಡೆ. ಪಾದದಲ್ಲಿ ಇರುವೆಗಳಿಲ್ಲ. ಮೀನಖಂಡದಲ್ಲಿವೆ.

ಸೋನಾಬಾಯಿ ಎಂಬ ವಿಧವೆ ಬಂದಿದ್ದಳು. ಗಂಡನ ನಾಲ್ಕು ಧೋತರ ತಂದು, ಕೌದಿ ಮಾಡಿಕೊಡು ಅಂದಳು. ಅಕ್ಕು ಅವನ್ನು ಕತ್ತರಿಸಲಿಲ್ಲ. ಒಂದರ ಮೇಲೊಂದು ಇಡಿಯಾಗಿ ಹಾಸಿದಳು. ಯಾಕೆ ಎಂದು ಕೇಳಿದೆ. "ಹೊದಕೊಂಡಾಗ ಅವರ ಉದ್ದ ಗೊತ್ತಾಗಬೇಕಲ್ರಿ" ಎಂದಳು. ನಾನು ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತೆ. ಇಪ್ಪತ್ತು ನಿಮಿಷ ಆಗಿತ್ತು, ಏಳಲೇಬೇಕಿತ್ತು.

9 ಮೇ, ಮಂಗಳವಾರ

ಅವಳಿಗೆ ಸೂಜಿಯ ಕಣ್ಣು ಸರಿಯಾಗಿ ಕಾಣುವುದಿಲ್ಲ. ನನಗೆ ಕಾಣುತ್ತದೆ. ಬೆಳಿಗ್ಗೆ ಇಪ್ಪತ್ತು ಸೂಜಿಗೆ ದಾರ ಪೋಣಿಸಿ ಗೋಡೆಯ ಕ್ಯಾಲೆಂಡರಿಗೆ ಚುಚ್ಚಿಡುತ್ತೇನೆ. ನಿಂತುಕೊಂಡೇ ಮಾಡುವ ಕೆಲಸ. ನನಗೆ ಹೇಳಿಮಾಡಿಸಿದ್ದು.

ಇದುವರೆಗೆ ಯಾರು ಪೋಣಿಸುತ್ತಿದ್ದರು ಎಂದು ಕೇಳಿದೆ. ಓಣಿಯಲ್ಲಿ ಹೋಗುವ ಶಾಲೆ ಮಕ್ಕಳನ್ನು ಕರೆಯುತ್ತಿದ್ದಳಂತೆ.

ಮೂವತ್ತೈದು ನಿಮಿಷ ನಡೆದೆವು. ಮಾವಿನಹಣ್ಣು ತಂದೆವು. ಅಕ್ಕು ಒಂದು ಕಡೆ ಬಿದ್ದೂ ಬಿದ್ದೂ ನಕ್ಕಳು, ನಾನು ಎಮ್ಮೆಗೆ ಹಾರ್ನ್ ಹೊಡೆಯುವವನಂತೆ ಬಾಯಲ್ಲಿ ಸದ್ದು ಮಾಡಿದ್ದಕ್ಕೆ.

ಐದರ ಗಾಡಿ ಹೋಯಿತೋ ಇಲ್ಲವೋ ಇವತ್ತು ಗಮನಕ್ಕೆ ಬರಲಿಲ್ಲ. ತಡವಾಗಿ ಹೋಗಿರಬೇಕು.

12 ಜೂನ್, ಸೋಮವಾರ. ಬೆಳಗಾವಿ

ಸರ್ಟಿಫಿಕೇಟ್ ಸಿಕ್ಕಿತು!

ಒಂಟಿ ಕಾಲಲ್ಲಿ ನಿಲ್ಲಿಸಿದರು, ಹಿಮ್ಮಡಿಯ ಮೇಲೆ, ಬೆರಳ ಮೇಲೆ ನಡೆಸಿದರು. ಪಾದವನ್ನು ಅವರ ಅಂಗೈಗೆ ಒತ್ತಿ ಹಿಡಿ ಎಂದರು. ಡಾಕ್ಟರು ಹಿಂದೆ ಸರಿಯಬೇಕಾಯಿತು. ಬರೆದುಕೊಟ್ಟರು: ಚಾಲನೆಗೆ ಯೋಗ್ಯ. ಸೀಟಿಗೆ ಮೆತ್ತೆ ಹಾಕಿಕೊಳ್ಳಿ, ದಾರಿಯಲ್ಲಿ ಇಳಿದು ನಾಲ್ಕು ಹೆಜ್ಜೆ ನಡೆಯಿರಿ, ವ್ಯಾಯಾಮ ಬಿಡಬೇಡಿ ಎಂದರು.

ಹೊರಗೆ ಬೆಂಚಿನ ಮೇಲೆ ಅಕ್ಕು ಕುಳಿತಿದ್ದಳು. ಕಾಗದ ತೋರಿಸಿದೆ. ಓದಲು ಬರುವುದಿಲ್ಲ, ಆದರೂ ಬಹಳ ಹೊತ್ತು ನೋಡಿದಳು. "ಅಂದ್ರ ಇನ್ನ ಹೊಂಟ್ರಿ" ಎಂದಳು. ಹೌದು ಎಂದೆ. "ಚೊಲೊ ಆತು" ಎಂದು ಕಾಗದವನ್ನು ಮಡಚಿ ಚೀಲದಲ್ಲಿಟ್ಟಳು. ದಾರಿಯುದ್ದಕ್ಕೂ ಮಳೆ. ಅವಳಿಗೆ ಆಯಾಸವಾಗಿತ್ತೆಂದು ಕಾಣುತ್ತದೆ, ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಿದ್ದಳು.

19 ಜೂನ್, ಸೋಮವಾರ. ಮುಗಳಖೋಡ

ಬಂದೆ. ಗಾಡಿಯ ದೀಪ ಹಚ್ಚಿಕೊಂಡು ಒಳಗೇ ಕುಳಿತು ಬರೆಯುತ್ತಿದ್ದೇನೆ.

ಸ್ಟಿಯರಿಂಗ್ ಹಿಡಿದು ಮೊದಮೊದಲು ನಿಧಾನವಾಗಿಯೇ ಓಡಿಸಿದೆ. ರಾಯಬಾಗ ದಾಟುವಷ್ಟರಲ್ಲಿ ಸರಿಯಾಯಿತು. ಬ್ರೇಕ್ ಒತ್ತಿದಾಗಲೆಲ್ಲ ಪಾದದ ಕೆಳಗೆ ಅದರ ಗಟ್ಟಿತನ ತಿಳಿಯುತ್ತಿತ್ತು. ಹಾರೂಗೇರಿಯಲ್ಲಿ ಇಳಿದು ಗಾಡಿಯ ಸುತ್ತ ಎರಡು ಸುತ್ತು ನಡೆದೆ. ಲಗಮಣ್ಣ ಟಿಕೆಟ್ ಹರಿಯುತ್ತ, "ನಮ್ಮ ಡ್ರೈವರ್ರು ಗಾಡಿಗೆ ಪ್ರದಕ್ಷಿಣಿ ಹಾಕಾಕತ್ತಾರ್ರಿ" ಎಂದ. ಎಲ್ಲರೂ ನಕ್ಕರು.

ಬೇವಿನ ಮರವಿದೆ. ಮುರಗೆಪ್ಪ ತಬ್ಬಿಕೊಂಡ, ಚಾ ಕೊಟ್ಟ. ಸಕ್ಕರೆ ಜಾಸ್ತಿ. ಕೈ ಬದಲಾಗಿದೆಯೇ ಎಂದು ಕೇಳಿದೆ, ಇಲ್ಲ, ಅದೇ ಚಾ ಎಂದ. ಇಂಜಿನ್ ಆರಿಸಿದಾಗ ಕಿವಿಗೆ ಬೀಳುವ ಸುಮ್ಮನಿರುವಿಕೆಯೂ ಇದೆ. ಅದು ಇಷ್ಟು ದೊಡ್ಡದಿರಲಿಲ್ಲ ಅನಿಸುತ್ತದೆ. ಬಹುಶಃ ಊರಲ್ಲಿ ಜನ ಕಡಿಮೆಯಾಗಿದ್ದಾರೆ.

ಸೀಟುಗಳ ನಡುವೆ ಜಮಖಾನೆ ಹಾಸಿ ವ್ಯಾಯಾಮ ಮಾಡಿದೆ. ನಾನೇ ಎಣಿಸಿದೆ. ಮೂವತ್ತು ಬಹಳ ಬೇಗ ಬಂತು.

ಚಿಕ್ಕೋಡಿಯಲ್ಲಿ ಈ ಹೊತ್ತಿಗೆ ಮಳೆ ಬರುತ್ತಿರಬಹುದು. ಹಿತ್ತಲ ಬಾಗಿಲಿನ ಚಿಲಕ ಬಿಗಿಯಾಗಿದೆ, ಅವಳಿಂದ ಎಳೆಯಲಾಗುವುದಿಲ್ಲ. ಎಣ್ಣೆ ಹಾಕಿ ಬರಬೇಕಿತ್ತು. ಸೂಜಿಗಳಿಗೆ ದಾರ ಹಾಕಿದ್ದೇನೆ, ಇಪ್ಪತ್ತಲ್ಲ, ನಲವತ್ತು. ಎರಡು ದಿನಕ್ಕೆ ಸಾಕು. ಈಗ ಕೈಕಾಲು ತೊಳೆದು ದೀಪ ಹಚ್ಚಿರುತ್ತಾಳೆ. ಆಮೇಲೆ ರೇಡಿಯೋ. ಸಣ್ಣಗೋ ಜೋರಾಗೋ ಗೊತ್ತಿಲ್ಲ. ಮಲಗುವವರು ಯಾರೂ ಇಲ್ಲ, ಜೋರಾಗಿ ಹಚ್ಚಲಿ.

26 ಜೂನ್, ಸೋಮವಾರ. ಮುಗಳಖೋಡ

ಏನೂ ವಿಶೇಷವಿಲ್ಲ. ನೋವಿಲ್ಲ. ಊಟ ಸೇರುತ್ತಿಲ್ಲ. ಹೋಟೆಲಿನ ರೊಟ್ಟಿ ದಪ್ಪ.

3 ಜುಲೈ, ಸೋಮವಾರ. ಚಿಕ್ಕೋಡಿ

ಮ್ಯಾನೇಜರ್ ಸಾಹೇಬರನ್ನು ಕಂಡೆ. ಹಗಲಿನ ನಿಪ್ಪಾಣಿ ಟ್ರಿಪ್ ಕೊಡಿ ಎಂದೆ. ಅವರಿಗೆ ಆಶ್ಚರ್ಯ. "ಮುಗಳಖೋಡಂದ್ರ ಪ್ರಾಣ ಬಿಡ್ತಿದ್ಯಲ್ಲೋ, ಏನಾತು?" ಎಂದರು. ವ್ಯಾಯಾಮಕ್ಕೆ ಸಮನಾದ ನೆಲ ಬೇಕು ಸಾಹೇಬರೇ, ಗಾಡಿಯೊಳಗೆ ಕಾಲು ಚಾಚಲು ಜಾಗ ಸಾಲದು ಎಂದೆ. ಅವರು ನನ್ನ ಮುಖ ನೋಡಿ ನಕ್ಕರು, ಯಾಕೆಂದು ತಿಳಿಯಲಿಲ್ಲ. ಆಗಸ್ಟ್ ಒಂದರಿಂದ ಕೊಡುತ್ತಾರಂತೆ. ಅಲ್ಲಿಯವರೆಗೆ ವಸ್ತಿಯೇ.

ಅಕ್ಕುಗೆ ಹೇಳಿದೆ. ಸೂಜಿ ಕೈಯಲ್ಲೇ ಇತ್ತು. ಹೊಲಿಗೆ ತಪ್ಪಿತು. ಅವಳ ಹೊಲಿಗೆ ತಪ್ಪಿದ್ದನ್ನು ನಾನು ನೋಡಿದ್ದು ಇದೇ ಮೊದಲು. ಅದನ್ನು ಬಿಚ್ಚಲಿಲ್ಲ, ಹಾಗೆಯೇ ಮುಂದೆ ಹೋದಳು.

"ನಿಮಗ ಅಲ್ಲಿ ಸೇರಲಿಲ್ಲೇನು?" ಎಂದಳು.

"ಸೇರತೈತಿ. ಕಾಲಿನ ಸಲವಾಗಿ."

"ಹೌದ, ಕಾಲಿನ ಸಲವಾಗಿ" ಎಂದಳು ತಲೆ ಬಗ್ಗಿಸಿಕೊಂಡು.

ಇನ್ನು ಇಪ್ಪತ್ತೆಂಟು ದಿನ.

9 ಜುಲೈ, ಭಾನುವಾರ. ಮುಗಳಖೋಡ

ಸಂಜೆ ಹಾರೂಗೇರಿಯಲ್ಲಿ ಭಾರಿ ಗದ್ದಲ. ಜನ ತುಂಬಿ ಬಾಗಿಲಲ್ಲಿ ನೇತಾಡುತ್ತಿದ್ದರು. ಲಗಮಣ್ಣ ರೈಟ್ ಅಂದ. ಗೇರ್ ಹಾಕಿದ್ದೆ, ಗಾಡಿ ಅಲುಗಿತ್ತು. ಅಷ್ಟರಲ್ಲಿ ಹಿಂದಿನಿಂದ ಹೆಂಗಸೊಬ್ಬಳು ಕೂಗಿದಳು:

"ಅಕ್ಕೂ! ಏ ಅಕ್ಕುತಾಯೀ! ಲಗೂ ಬಾ!"

ಬ್ರೇಕ್ ಒತ್ತಿದೆ. ಗಾಡಿ ಕುಕ್ಕರಿಸಿ ನಿಂತಿತು, ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಸೀಟಿನ ಮೇಲೆ ಪೂರ್ತಿ ಹಿಂದಕ್ಕೆ ತಿರುಗಿ, ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ನೋಡಿದೆ. ಎಂಟು ವರ್ಷದ ಹುಡುಗಿ, ಎರಡು ಜಡೆ, ಕೈಯಲ್ಲಿ ಚಪ್ಪಲಿ ಹಿಡಿದುಕೊಂಡು ಕೆಸರಿನಲ್ಲಿ ಓಡಿ ಬರುತ್ತಿತ್ತು. ತಾಯಿ ಅದನ್ನು ಎತ್ತಿ ಒಳಗೆ ಹಾಕಿದಳು.

"ಏನಾತು ಜ್ಞಾನಣ್ಣ? ನಾ ರೈಟ್ ಅಂದಿದ್ನಲ್ಲ" ಎಂದ ಲಗಮಣ್ಣ.

"ಆ ಕೂಸು ಬರಾಕತ್ತಿತ್ತಲ್ಲೋ."

"ಅದು ಹಿಂದಿನ ಬಾಗಲಕ್ಕ ಬರಾಕತ್ತಿತ್ತು. ನಿಮಗ ಹೆಂಗ ಕಾಣಿಸ್ತು?"

ಮುಗಳಖೋಡದವರೆಗೂ ಆ ಮಗು ಎಲ್ಲಿ ಕುಳಿತಿದೆ ಎಂದು ಕನ್ನಡಿಯಲ್ಲಿ ನೋಡುತ್ತ ಬಂದೆ. ಇಳಿಯುವಾಗ ನನ್ನ ಬಾಗಿಲ ಮುಂದೆ ಹಾದುಹೋಯಿತು. ನಿನ್ನ ಹೆಸರೇನು ಎಂದು ಸುಮ್ಮನೆ ಕೇಳಿದೆ. ಗೊತ್ತಿದ್ದೂ ಕೇಳಿದೆ. ಹೇಳಿತು.

ಇಲ್ಲಿಗೆ ಬಂದು ಇಂಜಿನ್ ಆರಿಸಿದ ಮೇಲೆ ಹೊಳೆಯಿತು. ಅಷ್ಟು ಜೋರಾಗಿ ಬ್ರೇಕ್ ಒತ್ತಿದ್ದೆ, ಅಷ್ಟು ರಭಸದಿಂದ ಬಲಕ್ಕೆ ತಿರುಗಿದ್ದೆ. ನೋವು ಎಲ್ಲಿಯೂ ಇಲ್ಲ. ಒತ್ತಿ ನೋಡಿಕೊಂಡೆ, ಆಳದಲ್ಲೂ ಇಲ್ಲ. ಹುಣ್ಣಿನ ಕಲೆಯಷ್ಟೂ ಉಳಿದಿಲ್ಲ. ಪೂರ್ತಿ ಗುಣವಾಗಿದೆ ಎಂದು ತಾರಾಬಾಯಿಗೆ ಕಾಗದ ಬರೆಯಬೇಕು.

ಇನ್ನು ಇಪ್ಪತ್ತೆರಡು ದಿನ.